ಗಡಿನಾಡ ಮನೆತನಗಳ ವಂಶಕಥನ: ಒಂದು ವಿಮರ್ಶೆ

ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆತನಗಳಲ್ಲಿ ತಮ್ಮ ವಂಶದ ಇತಿಹಾಸವನ್ನು ಬರೆದಿಡುವ ಉತ್ಸಾಹ ಈಚೆಗೆ ಹೆಚ್ಚಿದೆ. ಮದುವೆ, ಗೃಹಪ್ರವೇಶ, ಮನೆದೇವರ ಹಬ್ಬಗಳಲ್ಲಿ ಹಂಚಲಾಗುವ ಈ ಕಿರುಹೊತ್ತಗೆಗಳನ್ನು ಸಾಹಿತ್ಯವೆಂದು ಪರಿಗಣಿಸುವ ರೂಢಿಯಿಲ್ಲ. ಆದರೆ ಇವುಗಳಿಗೂ ನಾಯಕನಿದ್ದಾನೆ, ಕಥಾಬಂಧವಿದೆ, ಆಶಯವಿದೆ. ಆದ್ದರಿಂದ ವಿಮರ್ಶೆಯ ಒರೆಗಲ್ಲಿಗೆ ಇವುಗಳನ್ನು ಹಚ್ಚುವುದು ಯುಕ್ತ.

ಈ ಕಥನಗಳಲ್ಲಿ ಮೊದಲು ಎದ್ದುಕಾಣುವುದು ಮೂಲಪುರುಷನ ಶೌರ್ಯ. ಆತ ದಳವಾಯಿ, ಇಲ್ಲವೇ ಕೋಟೆಯ ಕಾವಲಿನ ನಾಯಕ. ಮೈಸೂರಿನಿಂದ ಕುದುರೆಯೇರಿ ಬಂದವನು. ಇದನ್ನು ಬರಿಯ ಕಲ್ಪನೆಯೆಂದು ತಳ್ಳಿಹಾಕಲಾಗದು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ (1638–1659) ಮೈಸೂರಿನ ಸೇನೆ ಈ ಸೀಮೆಗೆ ಇಳಿಯಿತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಮೈಸೂರಿನ ಅಧಿಕಾರ ಇಲ್ಲಿ ಇನ್ನಷ್ಟು ವಿಸ್ತರಿಸಿತು. ಹೈದರಾಲಿ ಮತ್ತು ಟಿಪ್ಪುವಿನ ದಿನಗಳಲ್ಲಿ ಬಾರಾಮಹಲು ಯುದ್ಧಭೂಮಿಯೇ ಆಗಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಅದು ಇಂಗ್ಲಿಷರ ಪಾಲಾಯಿತು. ಈ ಒಂದೂವರೆ ಶತಮಾನದಲ್ಲಿ ಸೈನಿಕರಾಗಿ ಬಂದು ಇಲ್ಲಿಯೇ ನಿಂತ ಕುಟುಂಬಗಳು ಇದ್ದಿರಲೇಬೇಕು.

ಆದರೆ ಸೇನೆಯೆಂದರೆ ಖಡ್ಗಧಾರಿಗಳಷ್ಟೇ ಅಲ್ಲ. ಎತ್ತು ಹೊಡೆಯುವವರು, ಕಮ್ಮಾರರು, ಧಾನ್ಯ ಮಾರುವವರು ಅದರ ಹಿಂದೆ ನಡೆದರು. ಅದು ಹಾದುಹೋದ ಮೇಲೆ ಕಾಡು ಕಡಿದು ಹೊಲ ಮಾಡಿದವರು, ಮಗ್ಗ ಹೂಡಿದವರು ಬಂದರು. ಇವರು ಯಾರ ವಂಶಕಥನದಲ್ಲಿಯೂ ಮೂಲಪುರುಷರಾಗಿ ಕಾಣುವುದಿಲ್ಲ. ಎಲ್ಲರೂ ದಳವಾಯಿಗಳಾದರೆ ಹೊಲ ಉತ್ತವರಾರು?

ಈ ಅಭಾವಕ್ಕೆ ಸಾಹಿತ್ಯಕ ಕಾರಣವೊಂದಿದೆ. ನಮ್ಮ ಮನೆತನದ ಕಥೆಗಳು ಅರಮನೆಯ ಕಾವ್ಯಗಳ ಮಾದರಿಯನ್ನು ಅರಿತೋ ಅರಿಯದೆಯೋ ಅನುಸರಿಸಿವೆ. ಗೋವಿಂದ ವೈದ್ಯನ ಸಾಂಗತ್ಯ ಕೃತಿ ‘ಕಂಠೀರವ ನರಸರಾಜ ವಿಜಯ’ (1648) ಅರಸನ ಯುದ್ಧವನ್ನು ಕೊಂಡಾಡಿತು. ತಿರುಮಲಾರ್ಯನ ‘ಚಿಕದೇವರಾಯ ವಂಶಾವಳಿ’ ಒಡೆಯರನ್ನು ಯದುಕುಲಕ್ಕೆ ಜೋಡಿಸಿತು. ದೂರದ ದ್ವಾರಕೆಯಿಂದ ಬಂದ ವೀರರು ಮೈಸೂರಿನಲ್ಲಿ ನೆಲೆಯೂರಿದರೆಂಬ ಕಥೆ ಹೀಗೆ ರಾಜವಂಶಕ್ಕೆ ಗೌರವ ತಂದಿತು. ಅದೇ ಅಚ್ಚಿನಲ್ಲಿ ಪ್ರಜೆಗಳ ಕಥೆಯೂ ಎರಕಗೊಂಡಿತು.

ಎರಡನೆಯ ಆಶಯ ಪಲಾಯನದ್ದು. ತುರುಕ ದೊರೆಯೊಬ್ಬ ಮನೆಯ ಕನ್ಯೆಯನ್ನು ಬಯಸಿದ, ಕುಲದವರು ರಾತ್ರೋರಾತ್ರಿ ಹೊರಟರು, ತುಂಬಿದ ಹೊಳೆ ದಾರಿ ಬಿಟ್ಟಿತು. ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥವನ್ನು ತೆರೆದರೆ ತೆಲುಗು ನುಡಿಯುವ ತೊಟ್ಟಿಯರ ಬಾಯಲ್ಲಿಯೂ ಇದೇ ಕಥೆ. ಅಲ್ಲಿ ಎರಡು ದಡಗಳ ಹೊಂಗೆ ಮರಗಳು ಬಾಗಿ ಸೇತುವೆಯಾಗುತ್ತವೆ. ಹಲವು ಕುಲಗಳು ತಮ್ಮದೆಂದು ಹೇಳುವ ಕಥೆ ಜನಪದದ ಆಶಯವೇ ಹೊರತು ಒಂದು ಮನೆಯ ದಾಖಲೆಯಾಗಲಾರದು. ಅದನ್ನು ಶಾಸನವೆಂದು ಭಾವಿಸಿ ಇಂದಿನ ನೆರೆಯವರ ಮೇಲೆ ಹಗೆ ಸಾಧಿಸುವುದು ಕಥೆಗೂ ನೆರೆಯವರಿಗೂ ಮಾಡುವ ಅನ್ಯಾಯ. ಇನ್ನೊಂದು ಮಾತು: ಯಾರ ನಿಮಿತ್ತ ಕುಲವೇ ಊರು ಬಿಟ್ಟಿತೋ ಆ ಕನ್ಯೆಯ ಹೆಸರನ್ನು ಈ ಹೊತ್ತಗೆಗಳು ಹೇಳುವುದೇ ಇಲ್ಲ.

ಈ ಹಂಬಲ ನಮಗಷ್ಟೇ ಸೀಮಿತವಲ್ಲ. ಜಪಾನಿನಿಂದ ಹವಾಯಿ, ಅಮೆರಿಕಗಳಿಗೆ ವಲಸೆ ಹೋದವರ ಮೊಮ್ಮಕ್ಕಳು ತಮ್ಮ ಹಿರಿಯ ಸಮುರಾಯಿಯಾಗಿದ್ದನೇ ಎಂದು ಹುಡುಕುತ್ತಾರೆ. ಸಮುರಾಯಿಗಳು ಆ ದೇಶದ ಜನಸಂಖ್ಯೆಯಲ್ಲಿ ಹತ್ತನೆಯ ಒಂದು ಪಾಲಿಗೂ ಕಡಿಮೆ. 1885ರಿಂದ ಹವಾಯಿಯ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದವರಲ್ಲಿ ಬಹುಪಾಲು ರೈತಾಪಿ ಜನ. ಅವರಿಗೆ ಕುಟುಂಬ ನೋಂದಣಿಯ ಆಧಾರವಾದರೂ ಉಂಟು. 1869ರಲ್ಲಿ ಐಝು ಸೀಮೆಯಿಂದ ಕ್ಯಾಲಿಫೋರ್ನಿಯಕ್ಕೆ ಹೋದ ತಂಡದ ವೃತ್ತಾಂತ ಇಲ್ಲಿ ಮನನೀಯ. ಯುದ್ಧದಲ್ಲಿ ಸೋತ ಆ ಸೀಮೆಯವರು ಹೊಸ ನೆಲಕ್ಕೆ ಕೊಂಡೊಯ್ದದ್ದು ಚಹಾದ ಬೀಜ ಮತ್ತು ಹಿಪ್ಪುನೇರಳೆಯ ಸಸಿ.

ಹಾಗಾದರೆ ಒಳ್ಳೆಯ ವಂಶಕಥನ ಹೇಗಿರಬೇಕು? ಕರ್ನಾಟಕದ ಹೆಳವರ ಪರಂಪರೆಯನ್ನು ನೋಡಬಹುದು. ಎತ್ತಿನ ಮೇಲೆ ಬಂದು ಮನೆಯ ಮುಂದೆ ವಂಶ ಹೊಗಳುವ ಹೆಳವ ಮೂಲದ ಊರು, ಮನೆದೇವರು, ಕವಲೊಡೆದ ಸಂತತಿಗಳನ್ನೂ ಹೇಳುತ್ತಾನೆ. ಹೊಗಳಿಕೆಯ ಒಳಗೆ ಮಾಹಿತಿ ಉಳಿಯುವ ಬಗೆ ಅದು. ನಮ್ಮ ದೇವಾಂಗ ಬಂಧುಗಳು ಚೌಡೇಶ್ವರಿಯ ಹಬ್ಬದಲ್ಲಿ ಕತ್ತಿ ಹಿಡಿದು ಅಲಗುಸೇವೆ ಸಲ್ಲಿಸುತ್ತಾರೆ. ಹಬ್ಬ ಮುಗಿದ ಮೇಲೆ ಅದೇ ಕೈ ಲಾಳಿ ಹಿಡಿಯುತ್ತದೆ. ಕತ್ತಿಗೆ ಇರುವ ಮರ್ಯಾದೆ ಲಾಳಿಗೂ ಸಿಕ್ಕಿದರೆ ವಂಶಕಥನ ಪೂರ್ಣವಾದೀತು. ಧರ್ಮಪುರಿಯಲ್ಲಿ ದೊರೆತ ಕ್ರಿ.ಶ. 893ರ ನೊಳಂಬ ಮಹೇಂದ್ರನ ಕಾಲದ ಕನ್ನಡ ಶಾಸನ ನಿಧಿಯಣ್ಣ, ಚಂದಿಯಣ್ಣರು ಕಟ್ಟಿಸಿದ ಬಸದಿಯನ್ನು ನೆನೆಯುತ್ತದೆ. ಕನ್ನಡ ಈ ನೆಲಕ್ಕೆ ದಳವಾಯಿಗಳಿಗಿಂತ ಏಳು ಶತಮಾನಕ್ಕೂ ಮೊದಲೇ ಬಂದಿತ್ತು, ಕಟ್ಟುವವರ ಹೆಸರನ್ನೂ ಕಾಪಾಡಿತ್ತು.

ಕೊನೆಯದಾಗಿ ಒಂದು ವಿಷಾದದ ಸಂಗತಿ. ಈ ಹೊತ್ತಗೆಗಳಲ್ಲಿ ಹಲವು ಈಗ ತಮಿಳಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ ಅಚ್ಚಾಗುತ್ತಿವೆ. ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಅದರ ಲಿಪಿ ತಿಳಿಯದು. ಅವರ ಮಕ್ಕಳಿಗೆ ಮಾತೂ ತಿಳಿಯದೆ ಹೋಗಬಹುದು. ತಮಿಳು ನಮಗೆ ಅನ್ನ, ವಿದ್ಯೆ, ನೆರೆಹೊರೆ ಕೊಟ್ಟ ನುಡಿ. ಅದರ ಮೇಲೆ ದೂರಿಲ್ಲ. ಆದರೆ ಮೂಲಪುರುಷ ತಂದನೆನ್ನುವ ಖಡ್ಗ ಯಾರ ಮನೆಯಲ್ಲಿಯೂ ಕಾಣಸಿಗದು. ಆತ ಆಡಿದ ಮಾತು ಮಾತ್ರ ಅಜ್ಜಿಯರ ಬಾಯಲ್ಲಿ ಇಂದಿಗೂ ಇದೆ. ಅವರ ಬೀಸುಕಲ್ಲಿನ ಪದ, ಸೋಬಾನೆ, ಮಗ್ಗದ ಮನೆಯ ಪರಿಭಾಷೆ, ಹೊಲಗಳ ಹೆಸರು ಇವನ್ನು ಅವರು ಆಡಿದಂತೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವ ಕೆಲಸವನ್ನು ಪ್ರತಿ ಮನೆಯ ಒಬ್ಬ ಮಗ ಅಥವಾ ಮಗಳು ಕೈಗೆತ್ತಿಕೊಳ್ಳಲಿ. ಮುಂದಿನ ಸಮ್ಮೇಳನದಲ್ಲಿ ಅಂತಹ ಬರಹಗಳ ವಾಚನಕ್ಕೆಂದೇ ಒಂದು ಗೋಷ್ಠಿಯನ್ನು ಸಂಘವು ಏರ್ಪಡಿಸಬೇಕೆಂದು ವಿನಂತಿಸುತ್ತೇನೆ.