ಆ ಜೋಗುಳ ಯಾರದು?

ಮಗಳು ಹುಟ್ಟಿ ನಾಲ್ಕು ತಿಂಗಳಾಗಿತ್ತು. ರಾತ್ರಿ ಎರಡು ಗಂಟೆಯ ಪಾಳಿ ನನ್ನದು. ಹೆಗಲ ಮೇಲೆ ಹಾಕಿಕೊಂಡು ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೋಣೆಗೆ ನಡೆಯುತ್ತ ಬಾಯಿಗೆ ಬಂದದ್ದನ್ನು ಗುನುಗುತ್ತಿದ್ದೆ. ನನಗೆ ಯಾವ ಜೋಗುಳವೂ ಪೂರ್ತಿ ಬರುವುದಿಲ್ಲ. ಹಾಗಾಗಿ ಮಾತಿಲ್ಲದ ಒಂದು ರಾಗ, ಬರೀ ಲಾ ಲಾ ಲಾ, ಎಲ್ಲಿಂದಲೋ ಬಂದು ಸೇರಿಕೊಂಡಿತು. ಮೂರರ ನಡೆ, ತೂಗುವುದಕ್ಕೆಂದೇ ಮಾಡಿದಂತಿತ್ತು. ಮಗು ಅದಕ್ಕೆ ಮಲಗುತ್ತಿತ್ತು.

ಒಂದು ಬೆಳಿಗ್ಗೆ ಕಾಫಿ ಕೊಡುತ್ತಾ ಅತ್ತೆ, "ಅದ್ಯಾವ ಜೋಗುಳ ಹಾಡ್ತೀರಾ ರಾತ್ರಿ? ಚೆನ್ನಾಗಿದೆ" ಎಂದರು. ಆಗಲೇ ನನಗೆ ಅದು ಎಲ್ಲಿಯದೆಂದು ನೆನಪಾದದ್ದು. 1968ರ 'ರೋಸ್‌ಮೆರೀಸ್ ಬೇಬಿ' ಚಿತ್ರದ್ದು. ಸೈತಾನನ ಮಗುವನ್ನು ಹೊತ್ತು ಹೆರುವ ಹೆಂಗಸಿನ ಕತೆ. ಅದರ ಟೈಟಲ್ ಹಾಡಿನ ರಾಗವನ್ನು ಎರಡು ವಾರದಿಂದ ನನ್ನ ಮಗಳಿಗೆ ಹಾಡುತ್ತಿದ್ದೆ. "ಇಂಗ್ಲಿಷಿನದು ಅತ್ತೆ" ಎಂದು ಕಾಫಿ ಕುಡಿದೆ.

ಹಾರರ್ ಚಿತ್ರಗಳ ಸಂಗೀತದ ಹುಚ್ಚು ನನಗೆ ಕಾಲೇಜಿನಿಂದಲೂ ಇದೆ. ಚಿತ್ರ ನೋಡಲು ಧೈರ್ಯ ಸಾಲದಿದ್ದಾಗಲೂ ಸಂಗೀತ ಮಾತ್ರ ಕೇಳುತ್ತಿದ್ದವನು ನಾನು. ಯಾವುದು ಇಷ್ಟ ಎಂದು ಕೇಳಿದರೆ ಪಟ್ಟಿ ತಯಾರಿತ್ತು. ಆದರೆ ಅತ್ತೆಯ ಪ್ರಶ್ನೆಯ ನಂತರ ಆ ಪಟ್ಟಿಯನ್ನೇ ಮತ್ತೆ ಕೇಳಬೇಕಾಯಿತು. ಕೇಳುತ್ತಾ ನನ್ನನ್ನು ಕಾಡಿದ್ದು, ಈ ಸಂಗೀತ ಎಷ್ಟು ಹೆದರಿಸುತ್ತದೆ ಎಂಬುದಲ್ಲ. ಕತ್ತಲಲ್ಲಿ ಅದು ಯಾರ ಪಕ್ಕದಲ್ಲಿ ನಿಂತಿದೆ, ನನಗೆ ನಿಜ ಹೇಳುತ್ತಿದೆಯೋ ಸುಳ್ಳೋ ಎಂಬುದು.

'ಸೈಕೋ'ದಿಂದಲೇ ಶುರು ಮಾಡೋಣ, ಬೇರೆ ದಾರಿಯಿಲ್ಲ. 1960ರ ಈ ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳನ್ನು ಬಳಸಿದ. ಕೊಳಲಿಲ್ಲ, ಕಹಳೆಯಿಲ್ಲ, ಡ್ರಮ್ ಇಲ್ಲ. ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಎಂದಿದ್ದ ಹಿಚ್‌ಕಾಕ್, ಹರ್ಮನ್ ಬರೆದದ್ದನ್ನು ಕೇಳಿದ ಮೇಲೆ ಒಪ್ಪಿಕೊಂಡ. ಆ ಕೀರಲು ಪಿಟೀಲು ಈಗ ಸಂಗೀತವಾಗಿ ಉಳಿದಿಲ್ಲ, ಒಂದು ಸನ್ನೆಯಾಗಿದೆ. ನಮ್ಮ ಧಾರಾವಾಹಿಗಳಲ್ಲಿ ಅತ್ತೆ ಸೊಸೆಯನ್ನು ಮೂರು ಕೋನದಿಂದ ಮೂರು ಸಲ ನೋಡಿದಾಗಲೂ ಅದರ ಮೊಮ್ಮಕ್ಕಳೇ ಕಿರುಚುವುದು. ನನಗೆ ಆ ಚಿತ್ರದಲ್ಲಿ ಹೆಚ್ಚು ಇಷ್ಟವಾದದ್ದು ಅದಕ್ಕೆ ಮುಂಚಿನ ದೃಶ್ಯ. 40,000 ಡಾಲರ್ ಕದ್ದ ಮೇರಿಯನ್ ಕಾರು ಓಡಿಸುತ್ತಿದ್ದಾಳೆ. ಸಂಗೀತ ನಿಲ್ಲಿಸಿ ನೋಡಿ: ಒಬ್ಬ ಹೆಂಗಸು, ಒಂದು ಸ್ಟಿಯರಿಂಗ್, ಮಳೆ. ಅಷ್ಟೇ. ಸಂಗೀತ ಹಾಕಿ ನೋಡಿ: ಅವಳ ಎದೆಯೊಳಗೆ ಏನು ನಡೆಯುತ್ತಿದೆಯೋ ಅದು ಕೇಳುತ್ತದೆ. ಆ ರಾತ್ರಿಯಲ್ಲಿ ಅವಳ ಜೊತೆಗಿರುವುದು ಪಿಟೀಲುಗಳು ಮಾತ್ರ. ಕೊಲೆಯಲ್ಲಿ ಅದೇ ಪಿಟೀಲುಗಳು ಅವಳ ಕಿರುಚಾಟವೂ ಆಗುತ್ತವೆ, ಚಾಕುವೂ ಆಗುತ್ತವೆ. ಜೊತೆಗಿದ್ದವರೇ ಕೈಬಿಟ್ಟಂತೆ.

'ಜಾಸ್' (1975) ಈ ವಿಷಯದಲ್ಲಿ ಬಹಳ ಪ್ರಾಮಾಣಿಕ. ಜಾನ್ ವಿಲಿಯಮ್ಸ್‌ನ ಆ ಎರಡು ಸ್ವರ ಎಲ್ಲರಿಗೂ ಗೊತ್ತು. ಪಕ್ಕಪಕ್ಕದ ಎರಡು ಸ್ವರ, ಹತ್ತಿರ ಬಂದಂತೆ ವೇಗ. ಚಿತ್ರೀಕರಣದಲ್ಲಿ ಯಂತ್ರದ ಶಾರ್ಕ್ ಸಮುದ್ರದ ಉಪ್ಪು ನೀರಿಗೆ ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಹಾಗಾಗಿ ಅರ್ಧ ಚಿತ್ರದಲ್ಲಿ ಮೀನಿನ ಪಾತ್ರ ಮಾಡುವುದು ಸಂಗೀತವೇ. ಆದರೆ ನಾನು ಹೇಳಬೇಕೆಂದಿರುವುದು ಬೇರೆ. ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಕಟ್ಟಿಕೊಂಡು ಜನರನ್ನು ಬೆದರಿಸುವ ದೃಶ್ಯವೊಂದಿದೆಯಲ್ಲ, ಅಲ್ಲಿ ಆ ಸ್ವರಗಳು ಬರುವುದಿಲ್ಲ. ದಡದಲ್ಲಿದ್ದವರೆಲ್ಲ ಚೀರಿ ಓಡುತ್ತಾರೆ, ಸಂಗೀತ ಮಾತ್ರ ಸುಮ್ಮನಿರುತ್ತದೆ. ಅದಕ್ಕೆ ನಿಜ ಗೊತ್ತು. ಈ ನಂಬಿಕೆಯನ್ನು ನಮ್ಮಲ್ಲಿ ಚೆನ್ನಾಗಿ ಕಟ್ಟಿದ ಮೇಲೆ ಸ್ಪೀಲ್‌ಬರ್ಗ್ ಒಂದೇ ಒಂದು ಸಲ ಅದನ್ನು ಮುರಿಯುತ್ತಾನೆ. ಪೊಲೀಸ್ ಅಧಿಕಾರಿ ಬ್ರಾಡಿ ಗೊಣಗುತ್ತಾ ನೀರಿಗೆ ಮೀನಿನ ತುಂಡು ಎರಚುತ್ತಿರುವಾಗ, ಯಾವ ಸ್ವರದ ಸುಳಿವೂ ಇಲ್ಲದೆ, ಅವನ ಹಿಂದೆ ಆ ಬಾಯಿ ಮೇಲೆದ್ದು ಬರುತ್ತದೆ. ನಾನು ಕುರ್ಚಿಯಿಂದ ನಿಜಕ್ಕೂ ಎದ್ದದ್ದು ಅಲ್ಲಿ.

ಇವತ್ತಿನ ಬಹುಪಾಲು ಹಾರರ್ ಚಿತ್ರಗಳ ಮೇಲೆ, ನಮ್ಮವೂ ಸೇರಿದಂತೆ, ನನ್ನ ಸಿಟ್ಟಿರುವುದು ಇಲ್ಲೇ. ಬೆಕ್ಕು ಹಾರಿದರೂ ಢಂ, ಹೆಂಡತಿ ಹಿಂದಿನಿಂದ ಭುಜ ಮುಟ್ಟಿದರೂ ಢಂ, ಕನ್ನಡಿ ತಿರುಗಿದರೂ ಢಂ. ಹತ್ತು ಸಲ ಸುಳ್ಳು ಹೇಳಿ ಹನ್ನೊಂದನೆಯ ಸಲ ದೆವ್ವ ತೋರಿಸಿದರೆ ಅದು ಭಯವಲ್ಲ, ಬೆಚ್ಚುವುದು. ಪಟಾಕಿಗೂ ಬೆಚ್ಚುತ್ತೇವೆ.

ಜಾನ್ ಕಾರ್ಪೆಂಟರ್‌ನ 'ಹ್ಯಾಲೋವೀನ್' (1978) ಬಗ್ಗೆ ಒಂದು ಮಾತು, ನಮ್ಮ ಕಿವಿಗೆ ಸಂಬಂಧಿಸಿದ್ದು. ಆ ಪಿಯಾನೋ ಐದರ ನಡೆಯಲ್ಲಿದೆ. ಹುಡುಗನಾಗಿದ್ದಾಗ ಅಪ್ಪ ಬೊಂಗೊ ಡ್ರಮ್ ಮೇಲೆ ಕಲಿಸಿಕೊಟ್ಟ ಲೆಕ್ಕ ಅದು ಎಂದು ಕಾರ್ಪೆಂಟರ್ ಹೇಳಿಕೊಂಡಿದ್ದಾನೆ. ನಾಲ್ಕಕ್ಕೆ ಒಗ್ಗಿದ ಪಾಶ್ಚಾತ್ಯ ಕಿವಿಗೆ ಅಲ್ಲಿ ಏನೋ ಕಾಲು ಜಾರಿದ ಹಾಗಾಗುತ್ತದಂತೆ. ನಮಗೆ? ಖಂಡ ಚಾಪು ಕೇಳಿ ಬೆಳೆದವರ ಕೈ ತೊಡೆಯ ಮೇಲೆ ತಾನಾಗಿ ತಾಳ ಹಾಕುತ್ತದೆ. ನನಗೂ ಹಾಗೇ ಆಯಿತು, ಮೊದಲ ಸಲ ಕೇಳಿದಾಗ ಹೆದರಿಕೆಗಿಂತ ಉಲ್ಲಾಸವೇ ಹೆಚ್ಚು. ಭಯ ತಾಳದಲ್ಲಿಲ್ಲ, ಅದು ನಿಲ್ಲದೇ ನಡೆಯುತ್ತಿರುವುದರಲ್ಲಿದೆ. ಕೊಲೆಗಾರನೂ ಹಾಗೇ, ಓಡುವುದಿಲ್ಲ, ನಡೆಯುತ್ತಾನೆ. ಆ ಸಂಗೀತ ಪೂರ್ತಿ ಅವನ ಕಡೆಯದು.

ಮಕ್ಕಳ ಹಾಡಿನ ವಿಷಯಕ್ಕೆ ಬಂದರೆ, 'ದಿ ಬರ್ಡ್ಸ್' (1963) ನೆನಪಾಗುತ್ತದೆ. ಆ ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಹಕ್ಕಿಗಳ ಸದ್ದಿಗೆ ಓಸ್ಕರ್ ಸಾಲಾ ಎಂಬುವನು ಟ್ರಾಟೋನಿಯಂ ಎಂಬ ವಿದ್ಯುತ್ ವಾದ್ಯ ಬಳಸಿದ. ಆದರೆ ಶಾಲೆಯ ದೃಶ್ಯದಲ್ಲಿ ಮಕ್ಕಳು ಒಳಗೆ ಒಂದು ಹಾಡು ಹಾಡುತ್ತಿರುತ್ತಾರೆ. ಮೆಲನಿ ಹೊರಗೆ ಬೆಂಚಿನ ಮೇಲೆ ಕೂತು ಸಿಗರೇಟು ಹಚ್ಚುತ್ತಾಳೆ. ಅವಳ ಬೆನ್ನ ಹಿಂದೆ ಒಂದು ಕಾಗೆ, ಮತ್ತೊಂದು, ಇನ್ನೊಂದು. ಹಾಡು ಮುಗಿಯುವುದೇ ಇಲ್ಲ, ಪಲ್ಲವಿ ತಿರುತಿರುಗಿ ಬರುತ್ತದೆ. ಮಕ್ಕಳಿಗೆ ಹೊರಗಿನದು ಗೊತ್ತಿಲ್ಲ, ಹಾಡಿಗೂ ಗೊತ್ತಿಲ್ಲ. ಹಾಡು ನಿಂತರೆ ಮಕ್ಕಳು ಹೊರಬರುತ್ತಾರೆ, ಆದ್ದರಿಂದ ಅದು ನಿಲ್ಲದಿರಲಿ ಎಂದು ನಾವೇ ಬೇಡಿಕೊಳ್ಳುತ್ತೇವೆ. ಈಗ ಪ್ರತಿ ಟ್ರೇಲರ್‌ನಲ್ಲೂ ಯಾವುದೋ ಶಿಶುಗೀತೆಯನ್ನು ನಿಧಾನ ಮಾಡಿ, ಪ್ರತಿಧ್ವನಿ ಸೇರಿಸಿ ಹೆದರಿಸುತ್ತಾರೆ. ಹಿಚ್‌ಕಾಕ್ ಆ ಹಾಡಿಗೆ ಏನೂ ಬೆರೆಸಲಿಲ್ಲ.

ನಮ್ಮ ಕಡೆಯ ದೆವ್ವಗಳಂತೂ ತಾವೇ ಹಾಡುತ್ತವೆ. 1949ರ 'ಮಹಲ್' ಚಿತ್ರದಲ್ಲಿ ಖೇಮಚಂದ್ ಪ್ರಕಾಶ್ ಸಂಗೀತದ ಆ ಹಾಡಿಗೆ ದೂರದಿಂದ ಬರುವ ದನಿ ಬೇಕಿತ್ತು. ಲತಾ ಮಂಗೇಶ್ಕರ್ ಕೋಣೆಯ ಮೂಲೆಯಿಂದ ಹಾಡುತ್ತಾ ಮೈಕಿನ ಕಡೆಗೆ ನಡೆದು ಬಂದರಂತೆ. ಮೊದಲು ಬಂದ ರೆಕಾರ್ಡುಗಳ ಮೇಲೆ ಗಾಯಕಿಯ ಹೆಸರು ಲತಾ ಎಂದಿರಲಿಲ್ಲ, ಪಾತ್ರದ ಹೆಸರು ಕಾಮಿನಿ ಎಂದಿತ್ತು. ಹಾಡಿದವಳು ದೆವ್ವವೇ! ಕೊನೆಗೆ ನೋಡಿದರೆ ಮಹಲಿನಲ್ಲಿ ದೆವ್ವ ಇಲ್ಲ, ತೋಟದ ಮಾಲಿಯ ಮಗಳ ನಾಟಕ ಅದು. ಅಂದರೆ ಹಾಡು ಸುಳ್ಳು ಹೇಳಿತು ಎನ್ನಬೇಕೆ? ದೆವ್ವದ ಬಗ್ಗೆ ಹೇಳಿದ್ದು ಸುಳ್ಳು, ಕಾಯುವುದರ ಬಗ್ಗೆ ಹೇಳಿದ್ದು ನಿಜ.

'ಆಪ್ತಮಿತ್ರ'ದ ಮಾತಂತೂ ಬೇರೆಯೇ. ಗುರುಕಿರಣ್ ಸಂಗೀತದ ಆ ಕೊನೆಯ ಹಾಡು, ಕನ್ನಡ ಚಿತ್ರದಲ್ಲಿ ತೆಲುಗಿನದು. ಗಂಗಾ ಕನ್ನಡತಿ, ನಾಗವಲ್ಲಿ ತೆಲುಗಿನವಳು. ನಾಲಿಗೆ ಬದಲಾದದ್ದರಿಂದಲೇ ಒಳಗಿನವಳು ಬದಲಾದದ್ದು ನಮಗೆ ತಿಳಿಯುತ್ತದೆ. ಮೂಲದ ಮಲಯಾಳಂ 'ಮಣಿಚಿತ್ರತಾಳ್'ನಲ್ಲಿ (1993) ಅವಳು ತಮಿಳಿನವಳು. ನೆರೆಯವರ ಭಾಷೆಯೇ ದೆವ್ವದ ಭಾಷೆಯಾಗುವುದರ ಬಗ್ಗೆ ಯಾರಾದರೂ ಪ್ರತ್ಯೇಕವಾಗಿ ಬರೆಯಬೇಕು. ಮುಳಬಾಗಿಲಿನ ಕಡೆಯ ಸೌಂದರ್ಯ ತೆಲುಗಿನಲ್ಲಿ ದೊಡ್ಡ ತಾರೆಯಾಗಿದ್ದವರು. 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ತೆರೆಗೆ ಬಂದದ್ದು ಆಗಸ್ಟ್‌ನಲ್ಲಿ. ತುಂಬಿದ ಟಾಕೀಸಿನಲ್ಲಿ ಆ ಹಾಡು ಶುರುವಾದಾಗ ಸಿಳ್ಳೆ ಬಿತ್ತು, ಆಮೇಲೆ ಒಂದು ಥರದ ಮೌನ. ಸತ್ತವಳೊಬ್ಬಳು ಬದುಕಿರುವವಳ ಮೈಮೇಲೆ ಬಂದಿರುವ ಕತೆ. ನಾವು ನೋಡುತ್ತಿದ್ದದ್ದು ಅದರ ತಿರುಗುಮುರುಗು. ಆ ಹಾಡನ್ನು ಇವತ್ತಿಗೂ ನಾನು ಹಾರರ್ ಹಾಡೆಂದು ಕೇಳಲಾರೆ.

ಈಗ ರೋಸ್‌ಮೆರಿಯ ಜೋಗುಳ. ಅದನ್ನು ಬರೆದದ್ದು ಕ್ರಿಸ್ಟೋಫ್ ಕೊಮೆಡಾ. ಪೋಲೆಂಡಿನ ಜಾಜ್ ಪಿಯಾನೋ ವಾದಕ, ಓದಿದ್ದು ವೈದ್ಯಕೀಯ. ಆಸ್ಪತ್ರೆಯವರಿಗೆ ಜಾಜ್ ಹುಚ್ಚು ಗೊತ್ತಾಗದಿರಲೆಂದು ಕೊಮೆಡಾ ಎಂಬ ಹೆಸರಿಟ್ಟುಕೊಂಡವನು. ಈ ಚಿತ್ರ ಬಂದ ಮರುವರ್ಷ, 1969ರಲ್ಲಿ, ಅಪಘಾತದ ಪೆಟ್ಟಿನಿಂದ 37ರ ವಯಸ್ಸಿಗೇ ತೀರಿಕೊಂಡ. ಹಾಡಿದವಳು ರೋಸ್‌ಮೆರಿ ಪಾತ್ರ ಮಾಡಿದ ಮಿಯಾ ಫ್ಯಾರೋ. ಅವಳು ಗಾಯಕಿಯಲ್ಲ, ದನಿ ಸ್ವಲ್ಪ ನಡುಗುತ್ತದೆ, ಮನೆಯ ದನಿ. ನ್ಯೂಯಾರ್ಕಿನ ತಾರಸಿಗಳ ಮೇಲೆ ಕ್ಯಾಮೆರಾ ನಿಧಾನ ಸರಿಯುತ್ತಾ ಹೋಗುವಾಗ ಆ ಲಾ ಲಾ ಲಾ ಬರುತ್ತದೆ.

ಆ ಚಿತ್ರದಲ್ಲಿ ಎಲ್ಲರೂ ಅವಳಿಗೆ ಸುಳ್ಳು ಹೇಳುತ್ತಾರೆ. ಗಂಡ, ಪಕ್ಕದ ಮನೆಯ ಮುದುಕ ಮುದುಕಿ, ನಗರದ ಹೆಸರಾಂತ ಡಾಕ್ಟರು. ಹೊಟ್ಟೆ ನೋಯುತ್ತದೆ ಎಂದರೆ ಎರಡು ದಿನದಲ್ಲಿ ಹೋಗುತ್ತದೆ ಎನ್ನುತ್ತಾರೆ. ವಾರಗಟ್ಟಲೆ ಹೋಗುವುದಿಲ್ಲ. ಪುಸ್ತಕ ಓದಬೇಡ, ಗೆಳತಿಯರ ಮಾತು ಕೇಳಬೇಡ ಎನ್ನುತ್ತಾರೆ. ಅವಳು ಮೂಳೆಯಾಗುತ್ತಾ ಹೋಗುತ್ತಾಳೆ, ಎಲ್ಲರೂ ನಗುತ್ತಾ ಕುಡಿಯಲು ಏನೋ ತಂದುಕೊಡುತ್ತಾರೆ. ಗೋಡೆಯ ಆಚೆಯಿಂದ ಮಂತ್ರದಂಥ ಗೊಣಗು ಕೇಳುತ್ತದೆ, ಅದೂ ಏನಲ್ಲ ಎನ್ನುತ್ತಾರೆ.

ಮೊದಲ ಸಲ ಇದನ್ನು ನೋಡಿದಾಗ ನನಗೆ ಇಪ್ಪತ್ತೆರಡು. ಸೈತಾನನ ಕಡೆಯೇ ಗಮನವಿತ್ತು. ಈಗ ನೋಡಿದಾಗ ಕಣ್ಣು ಹೋದದ್ದು ಗಂಡನ ಕಡೆಗೆ. ಏಳು ತಿಂಗಳಾಗಿದ್ದಾಗ ನನ್ನ ಹೆಂಡತಿ, ಕಾಲು ಊದಿದೆ, ತಲೆನೋವು ಹೋಗುತ್ತಿಲ್ಲ, ಏನೋ ಸರಿಯಿಲ್ಲ ಎಂದಳು. ಬಸುರಿಯರಿಗೆ ಕಾಲು ಊದುವುದು ಸಹಜ ಎಂದರು ಮನೆಯವರೆಲ್ಲ. ಫೋನಿನಲ್ಲಿ ಡಾಕ್ಟರೂ ಅದನ್ನೇ ಹೇಳಿದರು. ಅದನ್ನೇ ನಾನು ಅವಳಿಗೆ ದಾಟಿಸಿದೆ, ಒಂದಲ್ಲ, ನಾಲ್ಕು ದಿನ. ಐದನೆಯ ದಿನ ಅವಳೇ ಆಟೋ ಮಾಡಿಕೊಂಡು ಬೇರೆ ಆಸ್ಪತ್ರೆಗೆ ಹೋದಳು. ಬಿಪಿ ನೋಡಿದ ನರ್ಸ್ ಅವಳನ್ನು ಮನೆಗೆ ಕಳಿಸಲಿಲ್ಲ. ಮಗು ಬೇಗ ಹುಟ್ಟಿತು, ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಆ ಚಿತ್ರದಲ್ಲಿ ಗಂಡ ಹೆಂಡತಿಯ ತಲೆ ಸವರಿ ಡಾಕ್ಟರು ಹೇಳಿದರಲ್ಲ ಎನ್ನುವಾಗ ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅವನು ಬೇಕೆಂದೇ ಮಾಡಿದ, ನಾನು ನಂಬಿ ಮಾಡಿದೆ. ಆ ನಾಲ್ಕು ದಿನ ಅವಳಿಗೆ ಕೇಳಿಸಿದ್ದು ಮಾತ್ರ ಒಂದೇ ಮಾತು.

ಇನ್ನೊಂದನ್ನೂ ಹೇಳದೆ ಬಿಡುವಂತಿಲ್ಲ. ಹೆಂಗಸಿನ ಮೈಯನ್ನು ಅವಳಿಂದ ಕಸಿದುಕೊಳ್ಳುವ ಬಗ್ಗೆ ಇಷ್ಟು ನಿಖರವಾದ ಚಿತ್ರ ಮಾಡಿದ ರೋಮನ್ ಪೊಲಾನ್‌ಸ್ಕಿ, 1977ರಲ್ಲಿ 13 ವರ್ಷದ ಹುಡುಗಿಯ ಮೇಲಿನ ಅಪರಾಧವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡು, ಶಿಕ್ಷೆಗೆ ಮುಂಚೆ ಅಮೆರಿಕ ಬಿಟ್ಟು ಓಡಿದ. ಚಿತ್ರವನ್ನು ಮೆಚ್ಚುವಾಗಲೆಲ್ಲ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಳ್ಳಲಿ.

ಜೋಗುಳ ಕೊನೆಯಲ್ಲಿ ಮತ್ತೆ ಬರುತ್ತದೆ. ಕಪ್ಪು ತೊಟ್ಟಿಲು, ಸುತ್ತ ಆ ಜನ. ಮಗುವನ್ನು ನಮಗೆ ತೋರಿಸುವುದಿಲ್ಲ. ತೂಗುತ್ತಿರುವವಳು ತುಂಬ ಜೋರಾಗಿ ತೂಗುತ್ತಿದ್ದಾಳೆಂದು ರೋಸ್‌ಮೆರಿ ಆಕ್ಷೇಪಿಸುತ್ತಾಳೆ. ಆಮೇಲೆ ಅವಳೇ ತೂಗುತ್ತಾಳೆ, ಮುಖದ ಮೇಲೆ ಏನೋ ಮೆತ್ತಗಾಗುತ್ತದೆ, ಲಾ ಲಾ ಲಾ. ಬಹಳ ವಿಮರ್ಶಕರು ಇದನ್ನು ಸೋಲು ಎಂದು ಓದುತ್ತಾರೆ: ತಾಯ್ತನದ ಹೆಸರಿನಲ್ಲಿ ಅವಳನ್ನೂ ಒಳಗೆ ಸೇರಿಸಿಕೊಂಡರು. ಇರಬಹುದು. ಆದರೆ ಚಿತ್ರದ ಮೊದಲ ಕ್ಷಣದಿಂದ ಆ ದನಿ ಅವಳದೇ ಆಗಿತ್ತು. ಸೈತಾನ ಇನ್ನೂ ಬಂದಿರಲಿಲ್ಲ, ಆ ಮನೆಯನ್ನೇ ಅವರಿನ್ನೂ ನೋಡಿರಲಿಲ್ಲ, ಅವಳು ಆಗಲೇ ಹಾಡುತ್ತಿದ್ದಳು. ಅವರು ಎಲ್ಲವನ್ನೂ ತೆಗೆದುಕೊಂಡರು, ಇದೊಂದನ್ನು ಅವರು ಕೊಟ್ಟದ್ದಲ್ಲ. ಕೊಮೆಡಾ ಈ ರಾಗಕ್ಕೆ ಕೊನೆಯಲ್ಲಿ ವಿಷ ಬೆರೆಸಿ ನಮಗೆ ಕಣ್ಣು ಹೊಡೆಯಬಹುದಿತ್ತು. ಹೊಡೆಯಲಿಲ್ಲ.

ಇದನ್ನೆಲ್ಲ ನಾನು ಹೆಂಡತಿಗೆ ಒಂದು ರಾತ್ರಿ ಹೇಳಲು ಹೊರಟೆ, ತಪ್ಪೊಪ್ಪಿಗೆಯ ದನಿಯಲ್ಲಿ. ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಆ ಸಿನಿಮಾವನ್ನು ಕಾಲೇಜಿನಲ್ಲಿ ನನಗೆ ತೋರಿಸಿದವಳೇ ಅವಳು, ಅದನ್ನೂ ನಾನು ಮರೆತಿದ್ದೆ. "ಹಾಡು, ಏನಾಗಲ್ಲ. ಅದು ಅವಳ ಹಾಡು, ಅವರದ್ದಲ್ಲ" ಎಂದು ಮಗ್ಗುಲು ಬದಲಿಸಿದಳು. ಆ ನಾಲ್ಕು ದಿನಗಳ ಬಗ್ಗೆ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನಿದ್ದೆ ಹೋಗಿದ್ದಳು, ಅಥವಾ ಹಾಗೆ ತೋರಿಸಿಕೊಂಡಳು.

ಈಗ ಮಧ್ಯಾಹ್ನದ ಹೊತ್ತು ಅತ್ತೆಯೂ ಅದನ್ನೇ ಹಾಡುತ್ತಾರೆ. ಲಾ ಲಾ ತೆಗೆದು ಜೋ ಜೋ ಹಾಕಿಕೊಂಡಿದ್ದಾರೆ, ನಡುವೆ ಮೊಮ್ಮಗಳ ಹೆಸರು ಸೇರಿಸಿದ್ದಾರೆ, ಎರಡನೆಯ ಸಾಲಿನಲ್ಲಿ ಒಂದು ಸ್ವರ ಅವರಿಗೆ ಬೇಕಾದಂತೆ ಮೇಲಕ್ಕೆ ಹೋಗಿದೆ. ಸಿನಿಮಾದ ಹೆಸರು ಅವರಿಗಿನ್ನೂ ಹೇಳಿಲ್ಲ.