ಸುನಾಮಿ ಉಂಟು, ಕಡಲ್ಕೊರೆತ ಇಲ್ಲ

ಮನೆಗೆ ವಿಮೆ ಮಾಡಿಸಬೇಕೆನ್ನುವವರು ಮೊದಲು ಕೇಳುವುದು ‘ಯಾವ ಕಂಪನಿ ಒಳ್ಳೆಯದು?’ ಎಂದು. 2021ರ ಏಪ್ರಿಲ್ 1ರಿಂದ ಈ ಪ್ರಶ್ನೆಯ ತೂಕ ಅರ್ಧಕ್ಕಿಳಿದಿದೆ. ಬೆಂಕಿ ವಿಮೆಯ ವ್ಯವಹಾರ ನಡೆಸುವ ಸಾಮಾನ್ಯ ವಿಮಾ ಕಂಪನಿಗಳೆಲ್ಲ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಮಾರಲೇಬೇಕೆಂದು ಅಂದಿನಿಂದ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಕಡ್ಡಾಯ ಮಾಡಿತು. ಕಂತಿನ ದರ ಬೇರೆಯಿರಬಹುದು, ಪರಿಹಾರ ಕೊಡುವ ಚುರುಕು ಬೇರೆಯಿರಬಹುದು; ಮೂಲ ಒಕ್ಕಣೆ ಒಂದೇ. ಹಾಗಾಗಿ ವಿಮರ್ಶೆಗೆ ಒಳಗಾಗಬೇಕಾದ್ದು ಆ ಒಕ್ಕಣೆಯೇ.

ಮೊದಲು ಅದರ ಹೆಚ್ಚುಗಾರಿಕೆ ಹೇಳಬೇಕು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ನೀರಿನ ಟ್ಯಾಂಕ್ ಒಡೆಯುವುದು, ಮಾಡಿನ ಮೇಲೆ ಮರ ಬೀಳುವುದು ಎಲ್ಲಕ್ಕೂ ಇಲ್ಲಿ ರಕ್ಷಣೆಯಿದೆ. ಹಳೆಯ ಪಾಲಿಸಿಯ ದೊಡ್ಡ ಕಾಟವೊಂದು ತಪ್ಪಿದೆ. ಮೊದಲು 20 ಲಕ್ಷದ ಮನೆಗೆ 10 ಲಕ್ಷಕ್ಕೆ ವಿಮೆ ಮಾಡಿಸಿದ್ದರೆ, 4 ಲಕ್ಷದ ಹಾನಿಗೆ 2 ಲಕ್ಷವಷ್ಟೇ ಕೈಸೇರುತ್ತಿತ್ತು. ಈಗ ಆ ಕಡಿತವಿಲ್ಲ. ಪಾಲಿಸಿಯನ್ನು ಹತ್ತು ವರ್ಷದವರೆಗೂ ಒಟ್ಟಿಗೆ ಕೊಳ್ಳಬಹುದು. ಕಟ್ಟಡದ ವಿಮಾ ಮೊತ್ತ ವರ್ಷಕ್ಕೆ ಶೇ 10ರಂತೆ ತಾನಾಗಿ ಏರುತ್ತದೆ.

ಹುಳುಕಿರುವುದು ‘ಇದಕ್ಕೆ ಪರಿಹಾರವಿಲ್ಲ’ ಎನ್ನುವ ಸಾಲುಗಳಲ್ಲಿ. ಸುನಾಮಿಗೆ ರಕ್ಷಣೆಯುಂಟು, ಭಾರತದ ಬಹುಪಾಲು ಜನ ಕಣ್ಣಲ್ಲಿ ಕಂಡಿರದ ಜ್ವಾಲಾಮುಖಿಗೂ ಉಂಟು. ಆದರೆ ಕಡಲೋ ನದಿಯೋ ದಡ ಕೊರೆದು ಮನೆ ಕುಸಿದರೆ ಇಲ್ಲ. ಉಳ್ಳಾಲದ ಕಡಲಂಚಿನವರಿಗೆ ಮಳೆಗಾಲದ ಭಯವೆಂದರೆ ಕಡಲ್ಕೊರೆತವೇ. ಭೂಕುಸಿತಕ್ಕೆ ಪರಿಹಾರವಿದೆ, ಮಣ್ಣು ತುಂಬಿ ಮಾಡಿದ ನೆಲ ಜಗ್ಗಿದರೆ, ಕಳಪೆ ಕಾಮಗಾರಿಯಿಂದ ಗೋಡೆ ಬಿರಿದರೆ ಇಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜರಿದದ್ದನ್ನು ಕಂಡವರಿಗೆ ಈ ಗೆರೆ ಎಷ್ಟು ತೆಳುವೆಂದು ಗೊತ್ತು. ಗುಡ್ಡ ಕಡಿದು, ಕಡಿದ ಮಣ್ಣನ್ನೇ ತಗ್ಗಿಗೆ ತುಂಬಿ ಕಟ್ಟಿದ ಮನೆ ಬಿದ್ದಾಗ, ಜರಿದದ್ದು ಬೆಟ್ಟವೋ ಜಗ್ಗಿದ್ದು ತುಂಬಿದ ಮಣ್ಣೋ ಎಂಬ ತಕರಾರು ಏಳದೆ ಇರುವುದಿಲ್ಲ.

ಕಳ್ಳತನದ ವಿಷಯದಲ್ಲೂ ಪಾಲಿಸಿ ಜಿಪುಣ. ನೆರೆಯೋ ಬೆಂಕಿಯೋ ಬಂದ ಏಳು ದಿನದೊಳಗೆ, ಆ ಗದ್ದಲದಲ್ಲಿ ಕಳವಾದರೆ ಮಾತ್ರ ಪರಿಹಾರ. ಬೀಗ ಹಾಕಿಕೊಂಡು ಊರ ಜಾತ್ರೆಗೆ ಹೋದಾಗ ಕನ್ನ ಬಿದ್ದರೆ ಇದರಿಂದ ಬಿಡಿಗಾಸೂ ಬರುವುದಿಲ್ಲ. ಅದಕ್ಕೆ ಬೇರೆ ವಿಮೆ ಬೇಕು. ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇ 20ರಷ್ಟು ರಕ್ಷಣೆ ಪಟ್ಟಿ ಕೊಡದೆಯೇ ಸಿಗುತ್ತದೆ, ಆದರೆ 10 ಲಕ್ಷಕ್ಕೆ ನಿಲ್ಲುತ್ತದೆ. ಹೆಚ್ಚು ಬೇಕಾದರೆ ಪಟ್ಟಿ ಕೊಡಬೇಕು. ಒಡವೆಗೆ ಬೆಲೆ ಕಟ್ಟಿಸಿ ಪ್ರತ್ಯೇಕವಾಗಿ ಸೇರಿಸಬೇಕು.

ಮನೆಯವರು ಎಡವುವುದು ಮೊತ್ತ ಬರೆಯುವಾಗ. ಬೆಂಗಳೂರಿನಲ್ಲಿ ಮನೆಯ ಬೆಲೆಯೆಂದರೆ ದೊಡ್ಡ ಪಾಲು ಸೈಟಿನ ಬೆಲೆ. ಸೈಟು ಸುಡುವುದಿಲ್ಲ, ಪಾಲಿಸಿ ಅದನ್ನು ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. 1,000 ಚದರ ಅಡಿ ಕಾರ್ಪೆಟ್ ಏರಿಯಾ, ಇವತ್ತು ಕಟ್ಟಲು ಅಡಿಗೆ 2,000 ರೂಪಾಯಿ ಎಂದಿಟ್ಟುಕೊಂಡರೆ ವಿಮಾ ಮೊತ್ತ 20 ಲಕ್ಷ. ಕಾಂಪೌಂಡು, ಗುಡ್ಡಕ್ಕೆ ಕಟ್ಟಿದ ತಡೆಗೋಡೆ, ಚಾವಣಿಯ ಸೋಲಾರ್ ಇವನ್ನು ಬೇರೆಯಾಗಿ ಕಾಣಿಸಬೇಕು. ಮಾರುವ ಬೆಲೆ ಬರೆದರೆ ಕಂತು ದಂಡ. ಕಡಿಮೆ ಬರೆದರೆ ಮನೆ ಪೂರ್ತಿ ಹೋದ ದಿನ ಬರೆದಷ್ಟಕ್ಕೇ ತೃಪ್ತಿಪಡಬೇಕು.

ಈ ಲೆಕ್ಕ ಹಾಕಲು ಎಷ್ಟೋ ಮಂದಿಗೆ ಪುರಸೊತ್ತೇ ಸಿಗುವುದಿಲ್ಲ. ಗೃಹಸಾಲದ ದಿನ ಬ್ಯಾಂಕಿನ ಮೇಜಿನ ಮೇಲೆ ಸಹಿ ಹಾಕುವ ಹತ್ತಾರು ಕಾಗದಗಳ ನಡುವೆ ವಿಮೆಯದ್ದೂ ಒಂದಿರುತ್ತದೆ. ಎಷ್ಟೋ ಸಲ ಅದು ಸಾಲಗಾರನ ಜೀವಕ್ಕೆ ಮಾಡಿಸಿದ್ದು. ಅವನು ತೀರಿಕೊಂಡರೆ ಸಾಲ ತೀರುತ್ತದೆ, ಮನೆ ಬಿದ್ದರೆ ಸಾಲ ಹಾಗೆಯೇ ಉಳಿಯುತ್ತದೆ.

ಒಟ್ಟಿನಲ್ಲಿ ಭಾರತ್ ಗೃಹ ರಕ್ಷಾ ಕೊಳ್ಳತಕ್ಕ ಪಾಲಿಸಿ. ಬಯಲುಸೀಮೆಯ ಗಟ್ಟಿ ನೆಲದ ಮೇಲಿನ ಮನೆಗೆ ಅದು ಹೆಚ್ಚೂಕಡಿಮೆ ಸಾಕು, ಕನ್ನಗಳವಿನ ವಿಮೆಯೊಂದು ಜೊತೆಗಿದ್ದರೆ. ಉಳ್ಳಾಲದವನಿಗೂ ಬೆಂಕಿ, ಬಿರುಗಾಳಿಯ ಮಟ್ಟಿಗೆ ಅದು ಆಸರೆಯೇ. ಆದರೆ ಕಡಲು ಅಂಗಳಕ್ಕೆ ಬಂದ ದಿನ ಅವನ ಕೈಯಲ್ಲಿರುವುದು ಜ್ವಾಲಾಮುಖಿಯಿಂದ ಕಾಪಾಡುವ ಕಾಗದ.