ಗಾಳಿಗೆ ಸಿಕ್ಕ ಕಿವಿ

ಕಲಬುರಗಿ ಜಿಲ್ಲೆಯ ಗಾಣಗಾಪುರದ ನಿರ್ಗುಣ ಮಠದಲ್ಲಿ ಮಧ್ಯಾಹ್ನದ ಆರತಿಗೆ ಜಾಗಟೆ ಬಿದ್ದ ಕೂಡಲೇ, ಅಷ್ಟು ಹೊತ್ತು ಸೆರಗು ಹೊದ್ದು ಸುಮ್ಮನೆ ಕೂತಿದ್ದ ಹೆಣ್ಣುಮಗಳು ಕೂದಲು ಬಿಚ್ಚಿ ತೂಗತೊಡಗುತ್ತಾಳೆ. ಇನ್ನೊಬ್ಬಳು ಕಂಬ ತಬ್ಬಿ ಮೇಲೇರುತ್ತಾಳೆ. ಕಿರುಚಾಟ, ಬೈಗುಳ, ಅಳು. 'ಗಾಳಿ ಬಿಡ್ಲಾಕತ್ತಾದ್ರಿ' ಎಂದು ಪಕ್ಕದಲ್ಲಿ ನಿಂತವರು ಹೊಸಬರಿಗೆ ಹೇಳುತ್ತಾರೆ. ಆರತಿ ಮುಗಿಯುತ್ತದೆ. ಅವಳು ಕೂದಲು ಗಂಟು ಹಾಕಿ, ನೀರು ಕುಡಿದು, ತನ್ನ ಚೀಲ ಹುಡುಕುತ್ತಾಳೆ.

ಇದನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನನಗೆ ಸೋಮಾರಿತನ ಅನ್ನಿಸುತ್ತದೆ. ಭಕ್ತಿ ಎಂದು ಕೈಮುಗಿದು ಹೊರಟುಬಿಡುವುದೂ ಅಷ್ಟೇ.

ಸೇವೆಗೆ ಬಂದವರ ದಿನಚರಿ ನೋಡಿ. ಬೆಳಗ್ಗೆ ಭೀಮಾ, ಅಮರ್ಜಾ ಕೂಡುವಲ್ಲಿ ಸ್ನಾನ, ಔದುಂಬರ ಮರಕ್ಕೆ ಪ್ರದಕ್ಷಿಣೆ, ಐದು ಮನೆ ಬೇಡಿ ತರುವ ಮಾಧುಕರಿ, ಆರತಿ. ಕೆಲವರು ವಾರಗಟ್ಟಲೆ ಇರುತ್ತಾರೆ, ಕೆಲವರು ತಿಂಗಳುಗಟ್ಟಲೆ. ಅಫಜಲಪುರ ಕಡೆಯ ಒಬ್ಬ ಸೊಸೆಗೆ ಹೊಲ, ದನ, ಗಂಡನ ಕುಡಿತ ಎಲ್ಲದರಿಂದ ಇಷ್ಟು ದಿನದ ಬಿಡುವು ಬೇರೆ ಯಾವ ನೆಪದಲ್ಲಿ ಸಿಕ್ಕೀತು? ತವರಿಗೆ ಹೋದರೂ ಪಂಚಮಿಗೆ ನಾಲ್ಕು ದಿನ. ಇಲ್ಲಿ ಅವಳನ್ನು ಹುಚ್ಚಿ ಅನ್ನುವವರಿಲ್ಲ; ಹೊಕ್ಕಿರುವುದು ಬೇರೆ, ಅವಳು ಬೇರೆ. ಅಳುವುದಕ್ಕೊಂದು ಹೊತ್ತು, ಒಂದು ಜಾಗ ಗೊತ್ತಾಗಿದೆ. ಎದೆಯಲ್ಲಿ ಹೂತದ್ದನ್ನು ಕೆದಕುವ ಜಾಗಟೆಯೇ ನಿಂತು ಅದನ್ನು ಮುಗಿಸುತ್ತದೆ ಕೂಡ. ಈ ಪದ್ಧತಿಯ ಜಾಣತನ ನನಗೆ ಕಾಣುವುದು ಇಲ್ಲೇ. ಊರಲ್ಲಿ ಹಾಗಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿದಾಗ, ಬಿದ್ದ ಗೋಡೆ, ಕೊಳೆತ ಬೆಳೆ ಪಂಚನಾಮೆಯಲ್ಲಿ ಸೇರಿದವು. ಇಂದಿಗೂ ರಾತ್ರಿ ಮಳೆ ಜೋರಾದರೆ ಎದ್ದು ಕೂತು ಮಕ್ಕಳನ್ನು ಎಣಿಸುವ ತಾಯಿಯ ಅಂಜಿಕೆಯನ್ನು ಬರೆದುಕೊಳ್ಳಲು ಆ ಕಾಗದದಲ್ಲಿ ಜಾಗವಿರಲಿಲ್ಲ.

ನನ್ನ ತಕರಾರು ಇರುವುದು ಅಳುವಿನ ಬಗ್ಗೆ ಅಲ್ಲ, ಪ್ರಶ್ನೆಯ ಬಗ್ಗೆ. ಈ ಸೀಮೆಯಲ್ಲಿ ಗಾಳಿ ಬಿಡಿಸುವವರು ಕೇಳುವುದು, 'ನೀ ಯಾರು? ಎಲ್ಲಿ ಹಿಡದಿ?' ಉತ್ತರ ಕೊಡುವವಳು ಬಾವಿಗೆ ಬಿದ್ದು ಸತ್ತ ನೆರೆಮನೆಯವಳು, ಇಲ್ಲವೇ ತೀರಿಹೋದ ಮೊದಲ ಹೆಂಡತಿ. ಸತ್ತವಳ ಬಾಯಲ್ಲಿ ಬದುಕಿದವಳು ಅತ್ತೆಯನ್ನು ಬೈಯಬಹುದು, ಗಂಡನಿಗೆ ಶಾಪ ಹಾಕಬಹುದು. ಆ ಹೊತ್ತಿಗೆ ಗಂಡನೂ ತಲೆ ತಗ್ಗಿಸಿ ಕೇಳುತ್ತಾನೆ. ಬಲು ಚೆಂದದ ಉಪಾಯ. ಆದರೆ ದೂರು ದಾಖಲಾಗುವುದು ಗಾಳಿಯ ಹೆಸರಲ್ಲಿ. 'ಯವ್ವಾ, ನಿನಗೇನಾಗ್ಯಾದ?' ಎಂದು ಅವಳನ್ನೇ ಕೇಳಿದವರಿಲ್ಲ. ಆಟದ ವಯಸ್ಸಿನಲ್ಲಿ ಆದ ಮದುವೆ, ಹೊಟ್ಟೆಯಲ್ಲೇ ಹೋದ ಕೂಸು, ಸಾಲಕ್ಕಂಜಿ ಎಣ್ಣಿ ಕುಡಿದ ಅಪ್ಪ ಎಲ್ಲವೂ 'ಆಗಿದ್ದು ಆಗಿಹೋತು, ಮನಸಿಗಿ ಹಚ್ಕೋಬ್ಯಾಡ' ಎಂಬ ಸಮಾಧಾನದಡಿ ಮುಚ್ಚಿಹೋಗಿವೆ. ಗಾಳಿ ಬಿಟ್ಟವಳು ಬಸ್ಸು ಹತ್ತಿ ಹೋಗುವುದು ಅದೇ ಮನೆಗೆ. ಮರುವರ್ಷ ಮತ್ತೆ ಅದೇ ಗಾಳಿ. ಭಕ್ತರು ಅದನ್ನು ಗಾಳಿಯ ಹಟ ಅನ್ನುತ್ತಾರೆ. ನಾನು ಮನೆಯ ಹಟ ಅನ್ನುತ್ತೇನೆ.

ಇದು ಗಾಣಗಾಪುರದ ಮಾತಷ್ಟೇ ಅಲ್ಲ. ಅಮರ್ಜಾ ಹರಿದು ಬರುವ ಆಳಂದದಲ್ಲಿ ಲಾಡ್ಲೆ ಮಶಾಕ್ ದರ್ಗಾಕ್ಕೆ ಹರಕೆ ಹೊತ್ತು ಹಿಂದೂಗಳೂ ಬರುತ್ತಾರೆ. ಅದೇ ಆವರಣದ ರಾಘವ ಚೈತನ್ಯ ಶಿವಲಿಂಗದ ಪೂಜೆಯ ವ್ಯಾಜ್ಯ ಕೋರ್ಟು, ಪೊಲೀಸು, ಪತ್ರಿಕೆಗಳ ತುಂಬ ಓಡಾಡಿತು. ಹರಕೆ ಹೊತ್ತವರ ಸಂಕಟಕ್ಕೆ ಅಷ್ಟು ಅಂಕಣ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ.

ಕಾನೂನು ಸುಮ್ಮನೆ ಕೂತಿಲ್ಲ. 2001ರಲ್ಲಿ ತಮಿಳುನಾಡಿನ ಎರ್ವಾಡಿ ದರ್ಗಾದ ಹತ್ತಿರದ ಆಶ್ರಯದಲ್ಲಿ ಸರಪಳಿ ಬಿಗಿಸಿಕೊಂಡಿದ್ದ ಮನೋರೋಗಿಗಳು ಬೆಂಕಿ ಬಿದ್ದಾಗ ಓಡಲಾಗದೆ ಸತ್ತರು, 28 ಜನ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಅದೇ ವರ್ಷದ ಕರ್ನಾಟಕದ ಮೌಢ್ಯ ತಡೆ ಕಾನೂನು ದೆವ್ವ ಬಿಡಿಸುವ ಹೆಸರಲ್ಲಿ ಹೊಡೆಯುವುದನ್ನು ಅಪರಾಧ ಎಂದಿತು, ಪ್ರದಕ್ಷಿಣೆ, ಭಜನೆಗಳ ತಂಟೆಗೆ ಹೋಗಲಿಲ್ಲ. ಸರಿಯಾದ ಗೆರೆಯೇ. 2022ರಿಂದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೆಯ ಒಂದೇ ಮೊಬೈಲು ಯಾರ ಕಿಸೆಯಲ್ಲಿರುತ್ತದೆ ಎಂಬುದು ಬೇರೆ ಮಾತು. ಇನ್ನು ದವಾಖಾನೆ. ಗುಳಿಗೆ ಬೇಕಾದವರಿಗೆ ಗುಳಿಗೆ ಬೇಕೇ ಬೇಕು, ಅದರಲ್ಲಿ ವಾದವಿಲ್ಲ. ಆದರೆ ಹೊರಗೆ ಸಾಲು ನಿಂತಿರುವಾಗ ಡಾಕ್ಟರು ಕೇಳುವುದು 'ನಿದ್ದಿ ಬರ್ತಾದೇನು, ಊಟ ಹೋಗ್ತಾದೇನು' ಎಂದಷ್ಟೇ. ಗಾಳಿಗಾದರೂ ಆರತಿ ಮುಗಿಯುವ ತನಕ ಹೊತ್ತು ಸಿಗುತ್ತದೆ.

ಭೀಮೆ ಮುಂದೆ ಜೇವರ್ಗಿಯತ್ತ ಇಳಿಯುತ್ತಾಳೆ. ಮೊದಲು ಆ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿಗೆ ಸೇರಿದ ಕಡಕೋಳದಲ್ಲಿ ತತ್ವಪದಕಾರ ಮಡಿವಾಳಪ್ಪ ನೆಲೆಸಿದ. ವಿಧವೆಯ ಮಗನೆಂದು ಅವನ ಹುಟ್ಟನ್ನೇ ಲೋಕ ಆಡಿಕೊಂಡಿತೆಂದು ಜನ ಹೇಳುತ್ತಾರೆ. ಅವನ ಬಳಗದಲ್ಲಿ ಚೆನ್ನೂರ ಜಲಾಲಸಾಬನಿದ್ದ, ಕಡ್ಲೇವಾಡ ಸಿದ್ದಮ್ಮನಿದ್ದಳು. ತತ್ವಪದದಲ್ಲಿ ಮಾತಾಡುವುದು ಹೊಕ್ಕ ಗಾಳಿಯಲ್ಲ, 'ನಾನು'. ಅನುಭವಿಸಿದವರೇ ಅನುಭವಿಸಿದ್ದನ್ನು ಹೇಳುತ್ತಾರೆ, ಸುತ್ತ ಕೂತವರು ತಾಳ ಹಾಕುತ್ತ ಮುಂದಿನ ಸೊಲ್ಲು ಎತ್ತಿಕೊಡುತ್ತಾರೆ. ಗಾಣಗಾಪುರದಲ್ಲಿ ಕೊರತೆಯಾದದ್ದು ಇಲ್ಲಿದೆ ಎಂದು ಬರೆದುಬಿಡಬೇಕು ಅನ್ನಿಸುತ್ತದೆ. ಅಮಾವಾಸ್ಯೆಯ ಭಜನೆಗೆ ಹೋಗಿ ಕೂತರೆ ಪೆನ್ನು ತಡೆಯುತ್ತದೆ. ಏಕತಾರಿ, ದಮ್ಮಡಿ ಹಿಡಿದವರೆಲ್ಲ ಗಂಡಸರು. ಸಿದ್ದಮ್ಮನ ಸೀಮೆಯ ಹೆಂಗಸರು ಬಾಗಿಲಾಚೆ ಗೋಡೆಗೊರಗಿ ಕೂತಿರುತ್ತಾರೆ, ಒಬ್ಬಿಬ್ಬರ ತುಟಿ ಅಲುಗುತ್ತಿರುತ್ತದೆ. ನಡುರಾತ್ರಿ ದಾಟಿದ ಮೇಲೆ ಒಳಗಿನಿಂದ ಯಾರೋ ಕೂಗುತ್ತಾರೆ, ಅವರು ಚಹಾಕ್ಕಿಡಲು ಎದ್ದು ಹೋಗುತ್ತಾರೆ.